ನೀರು ಕುಡಿಯುವಾಗ ಕತ್ತು ಎಲ್ಲಿರಬೇಕು?

ನಿಂತು ನೀರು ಕುಡಿದರೆ ಮಂಡಿ ಸವೆಯುತ್ತದೆ, ಮೂತ್ರಪಿಂಡ ಕೆಡುತ್ತದೆ ಎಂಬ ಮಾತನ್ನು ಮೊದಲು ಪಕ್ಕಕ್ಕಿಡಿ. ಕುಡಿದ ನೀರು ಜಠರ ದಾಟಿ, ಬಹುಪಾಲು ಸಣ್ಣ ಕರುಳಿನಲ್ಲಿ ರಕ್ತ ಸೇರುತ್ತದೆ. ಮೂತ್ರಪಿಂಡ ಸೋಸುವುದು ಆ ರಕ್ತವನ್ನು. ನಿಂತು ಕುಡಿದ ಮಾತ್ರಕ್ಕೆ ನೀರಿಗೆ ಬೇರೆ ದಾರಿ ಸಿಗುವುದಿಲ್ಲ. ಭಂಗಿ ಲೆಕ್ಕಕ್ಕೆ ಬರುವುದು ಗಂಟಲಿನಲ್ಲಿ.

1. ಕುಳಿತೋ ನಿಂತೋ, ಬೆನ್ನು ನೇರ ಮಾಡಿ. ಇಷ್ಟು ಸಾಕು.

2. ಗದ್ದ ಮೇಲೆತ್ತಬೇಡಿ. ಪ್ರಜ್ಞೆ ತಪ್ಪಿದವರ ಉಸಿರಿನ ದಾರಿ ತೆರೆಯಲು ಪ್ರಥಮ ಚಿಕಿತ್ಸೆಯಲ್ಲಿ ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಬಾಟಲಿಯನ್ನು ಬಾಯಿಗೆ ಎತ್ತಿ ಸುರಿದುಕೊಳ್ಳುವವರು ಮಾಡುವುದೂ ಅದನ್ನೇ. ಆಮೇಲೆ ನೀರು ನೆತ್ತಿಗೆ ಹತ್ತಿತೆಂದು ಕೆಮ್ಮುತ್ತಾರೆ. ಕಿರಿದಾದ ಕುತ್ತಿಗೆಯ ಬಾಟಲಿಗಳನ್ನು ಮಾಡಿದವರ ಮೇಲೆ ನನಗೆ ಸಿಟ್ಟಿದೆ. ಅಗಲ ಬಾಯಿಯ ಲೋಟವೇ ಒಳ್ಳೆಯದು.

3. ಮಾತ್ರೆ ನುಂಗಿದ ತಕ್ಷಣ ಮಲಗಬೇಡಿ. ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುವ ಮಾತ್ರೆಗಳಿವೆ.

4. ಹಾಸಿಗೆ ಹಿಡಿದವರಿಗೆ ಕುಡಿಸುವುದು. ಜನ ಎಡವುವುದು ಇಲ್ಲೇ. ತಲೆಯ ಕೆಳಗೆ ಎರಡು ದಿಂಬು ತುರುಕಿ ಕುಡಿಸಿಬಿಡುವುದು ಸುಲಭದ ದಾರಿ. ಆದರೆ ಏಳುವುದು ತಲೆ ಮಾತ್ರ, ಮೈ ಮಲಗಿಯೇ ಇರುತ್ತದೆ. ಸೊಂಟದಿಂದಲೇ ಎತ್ತಿ, ಆದಷ್ಟು ನೇರವಾಗಿ ಕೂರಿಸಿ, ಬೆನ್ನಿಗೆ ಆಸರೆ ಕೊಡಿ. ಅವರು ಪೂರ್ತಿ ಎಚ್ಚರವಾಗಿದ್ದಾರೆಯೇ ಎಂದು ಮಾತನಾಡಿಸಿ ನೋಡಿ. ನೀವು ನಿಂತುಕೊಂಡು ಕುಡಿಸಿದರೆ ಅವರು ನಿಮ್ಮ ಮುಖ ನೋಡಲು ಕತ್ತೆತ್ತುತ್ತಾರೆ. ಆದ್ದರಿಂದ ಎದುರಿಗೆ ಕುಳಿತುಕೊಳ್ಳಿ. ಲೋಟದಲ್ಲಿ ನೀರು ಕಡಿಮೆಯಾದಂತೆ ಅಂಚು ಮೂಗಿಗೆ ತಾಗಿ ತಲೆ ತಾನಾಗಿ ಹಿಂದೆ ಸರಿಯುತ್ತದೆ. ಹಾಗಾಗಿ ಅರ್ಧವಾದೊಡನೆ ಮತ್ತೆ ತುಂಬಿಸಿಕೊಳ್ಳಿ. ತಳದವರೆಗೆ ಕುಡಿಸುವ ಹಟ ಬೇಡ. ಒಂದು ಸಣ್ಣ ಗುಟುಕು ಕೊಟ್ಟು ಕಾಯಿರಿ. ಗಂಟಲಿನ ಉಬ್ಬು ಮೇಲೇರಿ ಇಳಿದ ಮೇಲೆ ಇನ್ನೊಂದು. ಮೂತಿಯಿರುವ ಕುಡಿಸುವ ಬಟ್ಟಲುಗಳನ್ನು ನಾನಂತೂ ಕೊಳ್ಳುವುದಿಲ್ಲ: ಅವುಗಳಲ್ಲಿ ನೀರು ನಾಲಗೆಯ ಬುಡಕ್ಕೇ ಸುರಿಯುತ್ತದೆ, ಎಷ್ಟು ಹೋಯಿತೆಂದು ಕುಡಿಸುವವರಿಗೂ ತಿಳಿಯುವುದಿಲ್ಲ.

ಕುಡಿದ ಮೇಲೆ ಅರ್ಧ ಗಂಟೆ ಹಾಗೆಯೇ ಕುಳಿತಿರಲಿ. ಮಲಗಿದರೆ ಜಠರದಲ್ಲಿದ್ದುದು ಅನ್ನನಾಳಕ್ಕೆ ಮರಳುವುದು ಸುಲಭ, ಎದೆಯುರಿ ಇರುವವರಿಗೆ ಇದು ಗೊತ್ತೇ ಇದೆ.

ಪ್ರತಿ ಸಲ ಕೆಮ್ಮು ಬಂದರೆ, ಕುಡಿದ ಮೇಲೆ ದನಿ ಒದ್ದೆಯಾಗಿ ಗೊರಗುಟ್ಟಿದರೆ, ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಶ್ವಾಸಕೋಶಕ್ಕೆ ಇಳಿದ ನೀರಿನಿಂದ ನ್ಯುಮೋನಿಯಾ ಬರಬಹುದು. ಪಾರ್ಶ್ವವಾಯು ಆದವರಲ್ಲಿ ಕೆಮ್ಮೇ ಬಾರದೆ ನೀರು ಒಳಗಿಳಿಯುವುದೂ ಉಂಟು. ಪ್ರಜ್ಞೆ ಇಲ್ಲದವರ ಬಾಯಿಗೆ ಒಂದು ಹನಿಯನ್ನೂ ಹಾಕಬೇಡಿ.