ಕೋಟೆ ಸುತ್ತಾಡಿಸಿ ಇನ್‌ಟು, ಥ್ರೂ, ಅಕ್ರಾಸ್ ಕಲಿಸಿದ್ದು: ನನ್ನ ಅನುಭವ

ಚಿತ್ರದುರ್ಗದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಬರುವವರಲ್ಲಿ ಡಿಗ್ರಿ ಓದುವ ಹುಡುಗ ಹುಡುಗಿಯರೇ ಜಾಸ್ತಿ. ಜೊತೆಗೆ ಮೊಬೈಲ್ ಅಂಗಡಿಯವರು, ನರ್ಸ್‌ಗಳು, ಮಕ್ಕಳ ಹೋಂವರ್ಕ್ ತಾವೇ ನೋಡಬೇಕು ಅಂತ ಬರುವ ಅಮ್ಮಂದಿರು. ಟೆನ್ಸ್ ಹೇಗೋ ಬಂದುಬಿಡುತ್ತದೆ. ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಟು, ಇನ್‌ಟು, ಥ್ರೂ, ಅಕ್ರಾಸ್ ಥರದ ಚಿಲ್ಲರೆ ಪದಗಳಲ್ಲಿ.

ಗೈಡ್‌ಗಳಲ್ಲಿ ಇವಕ್ಕೆ ಒಂದು ಪಟ್ಟಿ ಇರುತ್ತದೆ. ಟು ಅಂದರೆ ‘ಗೆ’, ಇನ್‌ಟು ಅಂದರೆ ‘ಒಳಗೆ’, ಥ್ರೂ ಅಂದರೆ ‘ಮೂಲಕ’. ಈ ‘ಮೂಲಕ’ ನನಗೆ ಆಗಿಬರುವುದಿಲ್ಲ. ಮನೆಯಲ್ಲಿ ಯಾರಾದರೂ ‘ಸಂದಿಯ ಮೂಲಕ ಬಂದೆ’ ಅಂತಾರಾ? ‘ಸಂದೀಲಿ ನುಸುಳಿ ಬಂದೆ’ ಅಂತೀವಿ. ‘ರಸ್ತೆ ದಾಟಿದೆ’, ‘ಬೆಟ್ಟ ಹತ್ತಿದೆ’, ‘ಮೆಟ್ಟಿಲು ಇಳಿದೆ’, ‘ಗುಡಿ ಸುತ್ತಿದೆ’ ಅಂತೀವಿ. ನಮ್ಮಲ್ಲಿ ದಾರಿ ಕ್ರಿಯಾಪದದೊಳಗೇ ಕೂತಿರುತ್ತದೆ. ಇಂಗ್ಲಿಷಿನವರು ವಾಕ್ ಅನ್ನೋ ಒಂದೇ ಪದ ಇಟ್ಟುಕೊಂಡು ಪಕ್ಕದ ಚಿಕ್ಕ ಪದವನ್ನು ಬದಲಿಸುತ್ತಾ ಹೋಗುತ್ತಾರೆ. ವಾಕ್ಡ್ ಅಕ್ರಾಸ್ ಅಂದರೆ ದಾಟಿದೆ, ವಾಕ್ಡ್ ಅಪ್ ಅಂದರೆ ಹತ್ತಿದೆ, ವಾಕ್ಡ್ ಡೌನ್ ಅಂದರೆ ಇಳಿದೆ. ಲೆನಾರ್ಡ್ ಟಾಲ್ಮಿ ಎಂಬ ಅಮೆರಿಕದ ಭಾಷಾತಜ್ಞರು ಜಗತ್ತಿನ ಭಾಷೆಗಳನ್ನು ಹೀಗೇ ವಿಂಗಡಿಸಿದ್ದಾರೆ: ದಾರಿಯನ್ನು ಕ್ರಿಯಾಪದದಲ್ಲಿ ಇಡುವ ಭಾಷೆಗಳು ಒಂದು ಕಡೆ, ಹೊರಗಿಡುವ ಭಾಷೆಗಳು ಇನ್ನೊಂದು ಕಡೆ. ಕ್ಲಾಸಿನಲ್ಲಿ ಟಾಲ್ಮಿ ಹೆಸರು ಎತ್ತುವುದಿಲ್ಲ. ಪಟ್ಟಿ ಬಿಟ್ಟು ದಾರಿ ತೋರಿಸಬೇಕು ಅಂತ ನಾನು ಗಟ್ಟಿ ಮಾಡಿಕೊಂಡಿದ್ದು ಮಾತ್ರ ಇದರಿಂದಲೇ.

ದಾರಿ ತೋರಿಸೋಕೆ ನಮ್ಮೂರಿಗಿಂತ ಒಳ್ಳೆ ಜಾಗ ಬೇಕಾ? ಏಳು ಸುತ್ತಿನ ಕೋಟೆ ಊರೊಳಗೇ ಇದೆ. ಪ್ರತಿ ಬ್ಯಾಚನ್ನೂ ಒಂದು ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮುಂಚೆ ಕರೆದುಕೊಂಡು ಹೋಗುತ್ತೇನೆ. ಒಂದೇ ಷರತ್ತು: ಕ್ರಾಸ್, ಎಂಟರ್ ಬಳಸುವಂತಿಲ್ಲ. ಗೋ, ವಾಕ್, ಕಮ್ ಥರದ ಬಡಪಾಯಿ ಪದಗಳಲ್ಲೇ ನಡೆದ ದಾರಿಯನ್ನು ಹೇಳಬೇಕು.

ಮೊದಲ ಬಾಗಿಲಲ್ಲೇ ಜಗಳ ಶುರು. ಇನ್‌ಟು ದ ಗೇಟ್ ಅಂತ ಅರ್ಧ ಜನ, ಥ್ರೂ ದ ಗೇಟ್ ಅಂತ ಇನ್ನರ್ಧ. ಬಾಗಿಲು ನಾವು ನಿಲ್ಲುವ ಜಾಗ ಅಲ್ಲ, ಹಾದುಹೋಗುವ ಜಾಗ. ಆದ್ದರಿಂದ ಥ್ರೂ ದ ಗೇಟ್, ಇನ್‌ಟು ದ ಫೋರ್ಟ್. ವಾಕ್ಡ್ ಇನ್‌ಟು ದ ಗೇಟ್ ಅಂದರೆ ಬಾಗಿಲಿಗೆ ಡಿಕ್ಕಿ ಹೊಡೆದೆ ಅಂತಲೇ ಕೇಳುತ್ತದೆ. ಇದನ್ನು ಒಮ್ಮೆ ಹಣೆ ಮುಟ್ಟಿಕೊಂಡು ತೋರಿಸಿದರೆ ಸಾಕು, ಮರೆಯುವುದಿಲ್ಲ.

ಓಬವ್ವನ ಕಿಂಡಿ ಹತ್ತಿರ ಕಥೆಯನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ. ಎಲ್ಲರಿಗೂ ಗೊತ್ತಿರುವ ಕಥೆ, ಇಂಗ್ಲಿಷಿನದೊಂದೇ ಚಿಂತೆ. ಓಬವ್ವ ವೆಂಟ್ ಟು ದ ಪಾಂಡ್. ನೀರಿನ ಹತ್ತಿರಕ್ಕೆ ಹೋದಳು, ಅಷ್ಟೇ. ಇಲ್ಲಿ ಇನ್‌ಟು ಹಾಕಿದರೆ ಹೊಂಡಕ್ಕೆ ಇಳಿದುಬಿಟ್ಟಳು! ದ ಸೋಲ್ಜರ್ಸ್ ಕೇಮ್ ಥ್ರೂ ದ ಹೋಲ್, ಒನ್ ಬೈ ಒನ್. ಸತ್ತವರನ್ನು ಅವಳು ಪಕ್ಕಕ್ಕೆ ಎಳೆದು ಹಾಕಿದ್ದು ಅವೇ ಫ್ರಮ್ ದ ಹೋಲ್. ಕಡೆಗೆ 1779ರಲ್ಲಿ ಕೋಟೆ ಹೈದರಾಲಿಯ ಕೈಗೆ ಹೋಯಿತು. ಅದಕ್ಕೆ ದ ಫೋರ್ಟ್ ಫೆಲ್ ಟು ಹೈದರ್ ಅಲಿ ಅಂತಾರೆ. ಇಲ್ಲಿ ಯಾರೂ ನಡೆದಿಲ್ಲ, ಆದರೂ ಟು.

ಗೋಡೆ ಸಿಕ್ಕರೆ ನನಗೆ ಹಬ್ಬ. ಗೋಡೆಯುದ್ದಕ್ಕೂ ನಡೆದರೆ ಅಲಾಂಗ್ ದ ವಾಲ್. ಕೋತಿರಾಜ್ ಅಂತಲೇ ಹೆಸರಾದ ಜ್ಯೋತಿರಾಜ್ ಬರಿಗೈಯಲ್ಲಿ ಹತ್ತುತ್ತಾರಲ್ಲ, ಅದು ಅಪ್ ದ ವಾಲ್. ಹತ್ತಿ ಆ ಕಡೆಗೆ ಇಳಿದರೆ ಮಾತ್ರ ಓವರ್ ದ ವಾಲ್. ಅಪ್‌ಗೆ ಗೋಡೆಯ ಒಂದು ಮಗ್ಗುಲು ಸಾಕು, ಓವರ್‌ಗೆ ಎರಡೂ ಬೇಕು.

ಇನ್ನು ಕೋತಿಗಳು. ಕೋತಿ ಗೋಡೆ ಮೇಲಕ್ಕೆ ಹಾರಿದರೆ ಆನ್‌ಟು ದ ವಾಲ್, ಗೋಡೆಯಿಂದ ಕೆಳಕ್ಕೆ ಹಾರಿದರೆ ಆಫ್ ದ ವಾಲ್. ಒಬ್ಬಳ ಬ್ಯಾಗಿನಿಂದ ಬಾಳೆಹಣ್ಣು ಎಳೆದುಕೊಂಡರೆ ಔಟ್ ಆಫ್ ದ ಬ್ಯಾಗ್. ನಮಗೆ ಎಲ್ಲಕ್ಕೂ ‘ಇಂದ’ ಸಾಕು: ಗೋಡೆಯಿಂದ, ಬ್ಯಾಗಿನಿಂದ, ಹೊಳಲ್ಕೆರೆಯಿಂದ. ಅವರು ಕೇಳುವುದೇ ಬೇರೆ. ಮುಂಚೆ ಎಲ್ಲಿತ್ತು? ಮೇಲಿತ್ತಾ, ಆಫ್. ಒಳಗಿತ್ತಾ, ಔಟ್ ಆಫ್. ಬರೀ ಹೊರಟ ಜಾಗನಾ, ಫ್ರಮ್. ಬಾಳೆಹಣ್ಣು ಹೋದ ಸಿಟ್ಟಿಗೆ ಅವಳು ‘ಐ ವಿಲ್ ಥ್ರೋ ಎ ಸ್ಟೋನ್ ಟು ದ ಮಂಕಿ’ ಅಂದಳು. ಟು ಅಂದರೆ ಕೋತಿ ಹಿಡಿದುಕೊಳ್ಳಲಿ ಅಂತ ಎಸೆದ ಹಾಗೆ. ಗುರಿಯಿಟ್ಟು ಹೊಡೆಯೋದು ಅಟ್. ಬಾಳೆಹಣ್ಣು ಟು, ಕಲ್ಲು ಅಟ್. ಕಲ್ಲು ಹೊಡೆಯಬೇಡ ಅಂತಲೂ ಹೇಳಿದೆ, ಬಿಡಿ.

ಅಕ್ರಾಸ್, ಥ್ರೂ ಎರಡರ ವ್ಯತ್ಯಾಸಕ್ಕೆ ಮಾತ್ರ ಕೋಟೆಗಿಂತ ಹೊಲವೇ ವಾಸಿ. ನಮ್ಮ ಕಡೆ, ದಾವಣಗೆರೆ ಕಡೆ ಎಲ್ಲಾ ಮೆಕ್ಕೆಜೋಳದವರೇ. ಬೇಸಿಗೆಯಲ್ಲಿ ಹೊಲ ಖಾಲಿ ಬಿದ್ದಿರುವಾಗ ಈ ಬದುವಿನಿಂದ ಆ ಬದುವಿಗೆ ನಡೆದರೆ ಅಕ್ರಾಸ್ ದ ಫೀಲ್ಡ್. ಅದೇ ಹೊಲದಲ್ಲಿ ಜೋಳ ತಲೆಮಟ್ಟ ಬೆಳೆದಾಗ, ಎಲೆ ಸರಿಸಿಕೊಂಡು, ಮೈಕೈ ತುರಿಸಿಕೊಂಡು ಹೋದರೆ ಥ್ರೂ ದ ಮೇಜ್. ಹೊಲ ಅದೇ, ಹೆಜ್ಜೆ ಅದೇ. ಸುತ್ತ ಏನಾದರೂ ಆವರಿಸಿಕೊಂಡಿದ್ದರೆ ಥ್ರೂ, ಬಯಲಾಗಿದ್ದರೆ ಅಕ್ರಾಸ್. ಹಳ್ಳಿಯಿಂದ ಬರುವ ಹುಡುಗರು ಇದನ್ನು ಒಂದೇ ಸಲಕ್ಕೆ ಹಿಡಿಯುತ್ತಾರೆ. ಸಿಟಿಯವರಿಗೆ ಮಾರ್ಕೆಟ್ಟಿನ ನೂಕುನುಗ್ಗಲು ಹೇಳಬೇಕು: ಥ್ರೂ ದ ಕ್ರೌಡ್.

ಬಸ್ಸಿನ ವಿಷಯಕ್ಕೆ ಬಂದರೆ, ಬೆಂಗಳೂರು ಬಸ್ ಹತ್ತುವ ಮುಂಚೆ ಕಂಡಕ್ಟರ್‌ನ ಕೇಳ್ತೀವಲ್ಲ, ‘ಹಿರಿಯೂರು ಒಳಗೆ ಹೋಗುತ್ತಾ, ಬೈಪಾಸಾ?’ ಒಳಗೆ ಹೋದರೆ ಥ್ರೂ ಹಿರಿಯೂರು. ಊರನ್ನು ಬಳಸಿಕೊಂಡು ಹೋದರೆ ಅರೌಂಡ್. ನಿಲ್ಲಿಸದೆ ಪಕ್ಕದಲ್ಲೇ ಹಾದುಹೋದರೆ ಪಾಸ್ಟ್. ಬಸ್ಸು, ರೈಲು ಹತ್ತೋದು ಗೆಟ್ ಆನ್, ಇಳಿಯೋದು ಗೆಟ್ ಆಫ್. ಕಾರು, ಆಟೋಗೆ ಗೆಟ್ ಇನ್‌ಟು, ಗೆಟ್ ಔಟ್ ಆಫ್. ಒಳಗೆ ಎದ್ದು ಓಡಾಡುವಷ್ಟು ಜಾಗ ಇರುವ ಗಾಡಿಗೆ ಆನ್, ಬಗ್ಗಿ ತೂರಿಕೊಂಡು ಕೂರುವ ಗಾಡಿಗೆ ಇನ್‌ಟು. ಬೈಕ್ ಹತ್ತಿ ಕೂರುವಂಥದ್ದು, ಅದಕ್ಕೂ ಆನ್. ಟುವರ್ಡ್ಸ್‌ಗೆ ನಮ್ಮ ‘ಕಡೆ’ ಸರಿಯಾಗಿ ಕೂರುತ್ತದೆ, ಅಲ್ಲಿ ಹೊತ್ತು ಕಳೆಯುವುದಿಲ್ಲ.

ಕಷ್ಟವಾಗುವುದು ಏನೂ ಹಾಕಬಾರದ ಕಡೆ. ರೀಚ್ಡ್ ಟು ದಾವಣಗೆರೆ, ಎಂಟರ್ಡ್ ಇನ್‌ಟು ದ ರೂಮ್, ವೆಂಟ್ ಟು ಹೋಮ್. ವರ್ಷಗಳಿಂದ ಬಾಯಿಗೆ ಕೂತುಬಿಟ್ಟಿರುತ್ತವೆ. ರೀಚ್, ಎಂಟರ್, ಕ್ರಾಸ್ ಇವು ನಮ್ಮ ದಾಟು, ಸೇರು ಇದ್ದ ಹಾಗೆ, ದಾರಿ ಒಳಗೇ ಇದೆ ಅಂತ ಹೇಳಿದರೆ ಒಪ್ಪುತ್ತಾರೆ. ‘ಬಸ್ಸು ದಾವಣಗೆರೆ ತಲುಪಿತು’ ಅಂತೀವಲ್ಲ, ಅಲ್ಲಿ ‘ಗೆ’ ಇಲ್ಲವಲ್ಲ. ಹೋಮ್‌ಗೆ ಬಂದರೆ ವಾದ ನಿಲ್ಲುವುದಿಲ್ಲ. ‘ಮನೆಗೆ ಅಂತ ಗೆ ಇದೆಯಲ್ಲ ಮೇಡಂ, ಸ್ಕೂಲ್‌ಗೆ ಟು ಇದ್ದರೆ ಹೋಮ್‌ಗೆ ಯಾಕಿಲ್ಲ?’ ನಾನು ತಿರುಗಿ ಕೇಳುತ್ತೇನೆ: ‘ಆಚೆ ಹೋದ’ ಅಂತೀರಲ್ಲ, ‘ಆಚೆಗೆ’ ಅಂತ ಯಾವಾಗಲೂ ಅಂತೀರಾ? ಹೋಮ್ ಕೂಡ ಆ ‘ಆಚೆ’ ಥರ, ದೇರ್, ಹಿಯರ್ ಥರ. ಗೋ ಹೋಮ್, ಗೋ ದೇರ್, ಕಮ್ ಹಿಯರ್. ಯಾರ ಮನೆ ಅಂತ ಹೇಳಿದ ಕೂಡಲೇ ಮಾತ್ರ ಟು ವಾಪಸ್ ಬರುತ್ತದೆ: ವೆಂಟ್ ಟು ಮೈ ಫ್ರೆಂಡ್ಸ್ ಹೋಮ್. ಇಷ್ಟು ಹೇಳುವಷ್ಟರಲ್ಲಿ ಯಾರಾದರೊಬ್ಬರು ಬ್ಯಾಗ್ ಏರಿಸಿಕೊಂಡು, ‘ಮೇಡಂ, ಐ ಆಮ್ ಗೋಯಿಂಗ್ ಟು ಹೋಮ್’ ಅಂತ ಎದ್ದು ನಿಂತಿರುತ್ತಾರೆ.