ಕರೆಂಟಿಲ್ಲದ ಕೊಟ್ಟಿಗೆಗೆ ಸೋಲಾರ್ ದೀಪ: ಎಡವುವುದು ವೈರಿನಲ್ಲಿ

ತೋಟದ ಕೊಟ್ಟಿಗೆಯ ಸೋಲಾರ್ ದೀಪ ಮಂಕಾದರೆ ಬೈಗುಳ ತಿನ್ನುವುದು ಪ್ಯಾನೆಲ್, ಇಲ್ಲವೇ ಬ್ಯಾಟರಿ. ತಪ್ಪು ಬಹುಪಾಲು ಇರುವುದು ಬ್ಯಾಟರಿಯಿಂದ ಬಲ್ಬಿಗೆ ಎಳೆದ ವೈರಿನಲ್ಲಿ.

1. ಲೆಕ್ಕ. ಐದಾರು ದನಗಳ ಕೊಟ್ಟಿಗೆಗೆ 7 ವ್ಯಾಟಿನ 12 ವೋಲ್ಟ್ ಡಿಸಿ ಎಲ್‌ಇಡಿ ಬಲ್ಬು ಮೂರು ಸಾಕು: ಹಾಲು ಕರೆಯುವ ಜಾಗಕ್ಕೆ, ಗೋದಲಿಗೆ, ಹುಲ್ಲಿನ ಕೋಣೆಗೆ. ಮೂರೂ ದಿನಕ್ಕೆ 5 ಗಂಟೆ ಉರಿದರೆ 105 ವ್ಯಾಟ್-ಅವರ್.

2. ಸಾಮಾನು. ಬಯಲುಸೀಮೆಗೆ 50 ವ್ಯಾಟಿನ ಪ್ಯಾನೆಲ್ ನಡೆಯುತ್ತದೆ. ಮಲೆನಾಡಿನ ಮಳೆಗಾಲಕ್ಕೆ 100 ವ್ಯಾಟೇ ಬೇಕು. ಪ್ಯಾನೆಲ್ಲಿನ ಕರೆಂಟನ್ನು ಹದಮಾಡಿ ಬ್ಯಾಟರಿಗೆ ಕೊಡಲು 10 ಆಂಪಿಯರ್ ಚಾರ್ಜ್ ಕಂಟ್ರೋಲರ್. ಬ್ಯಾಟರಿ 12.8 ವೋಲ್ಟ್, 30 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್. ಮೋಡ ಕವಿದರೂ ಮೂರು ರಾತ್ರಿ ಬರುತ್ತದೆ. ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ ಅಗ್ಗ, ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಿದ್ದರೆ ಬೇಗ ಸಾಯುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಒಣಹುಲ್ಲಿನ ಕೋಣೆಯಲ್ಲಿ ಇಡಲೇಬಾರದು.

ಇನ್ವರ್ಟರ್ ಕೂರಿಸಿ ಮನೆಯ ಬಲ್ಬನ್ನೇ ಹಾಕುವ ಅಡ್ಡದಾರಿ ಬೇಡ. ಬಲ್ಬು ಆರಿಸಿದ್ದರೂ ಇನ್ವರ್ಟರ್ 10 ವ್ಯಾಟ್ ಕುಡಿಯುತ್ತಿದ್ದರೆ ದಿನಕ್ಕೆ 240 ವ್ಯಾಟ್-ಅವರ್ ಹೋಯಿತು. ದೀಪಗಳು ತಿನ್ನುವುದರ ಎರಡು ಪಟ್ಟಿಗೂ ಹೆಚ್ಚು. ಸಂತೆಯಲ್ಲಿ ಸಿಗುವ ‘200 ವ್ಯಾಟ್’ ಸೋಲಾರ್ ಫ್ಲಡ್‌ಲೈಟಿನ ಮೇಲಿನ ಅಂಕಿಯನ್ನೂ ನಂಬಬೇಡಿ. ಅಂಗೈಯಗಲದ ಪ್ಯಾನೆಲ್ಲಿನಿಂದ ಅಷ್ಟು ಹುಟ್ಟುವುದಿಲ್ಲ.

3. ಪ್ಯಾನೆಲ್. ದಕ್ಷಿಣಕ್ಕೆ ಮುಖ, 15 ಡಿಗ್ರಿ ಓರೆ, ತೆಂಗಿನ ಗರಿಯ ನೆರಳೂ ಬೀಳದ ಜಾಗ.

4. ವೈರು. ಇಲ್ಲಿ ಅವಸರ ಬೇಡ. ಮೂರು ಬಲ್ಬು ಸೇರಿ ಎಳೆಯುವುದು ಸುಮಾರು 1.75 ಆಂಪಿಯರ್. ಬಲ್ಬು 20 ಮೀಟರ್ ದೂರದಲ್ಲಿದ್ದರೆ ಕರೆಂಟು ಹೋಗಿ ಬರುವ ದಾರಿ 40 ಮೀಟರ್. ಅಷ್ಟು ದೂರಕ್ಕೆ 1 ಎಂಎಂ (ಚದರ ಮಿ.ಮೀ.) ತಾಮ್ರದ ವೈರು ಎಳೆದರೆ ಸುಮಾರು 1.3 ವೋಲ್ಟ್ ವೈರಿನಲ್ಲೇ ಕರಗುತ್ತದೆ, 2.5 ಎಂಎಂ ಹಾಕಿದರೆ ಅರ್ಧ ವೋಲ್ಟ್. 230 ವೋಲ್ಟಿನ ಮನೆಯಲ್ಲಿ ಒಂದು ವೋಲ್ಟ್ ಹೋದರೆ ಗೊತ್ತೇ ಆಗದು, 12ರಲ್ಲಿ ಹೋದರೆ ಹನ್ನೆರಡರಲ್ಲೊಂದು ಪಾಲು ಹೋದಂತೆ. ಸಣ್ಣ ಡ್ರಿಪ್ ಪೈಪಿನ ಕೊನೆಯ ಡ್ರಿಪ್ಪರಿಗೆ ನೀರು ಸೊರಗುವ ಹಾಗೆ ಕೊನೆಯ ಬಲ್ಬು ಸೊರಗುತ್ತದೆ. ಮನೆ ವೈರಿಂಗಿನಲ್ಲಿ ಉಳಿದ ತುಂಡುಗಳನ್ನು ಇಲ್ಲಿಗೆ ತರಬೇಡಿ. ಬ್ಯಾಟರಿಯನ್ನು ದೀಪಗಳ ನಡುಮಧ್ಯೆ ಇಟ್ಟರೆ ವೈರಿನ ಉದ್ದವೇ ಅರ್ಧವಾಗುತ್ತದೆ.

ಮುಂದೆ ಜಾಯಿಂಟು. ಗಂಜಲದಿಂದ ಏಳುವ ಅಮೋನಿಯಾ ತಾಮ್ರವನ್ನು ತಿಂದು ಹಸಿರುಗಟ್ಟಿಸುತ್ತದೆ. ತಿರುಚಿ ಟೇಪು ಸುತ್ತಿದ ಜಾಯಿಂಟಿನೊಳಗೆ ತೇವ ನುಗ್ಗಿದ ಮೇಲೆ ಬಲ್ಬು ಮಿನುಗಲು ಶುರು. ಜಾಯಿಂಟು ಆದಷ್ಟು ಕಡಿಮೆ ಇರಲಿ. ಅನಿವಾರ್ಯವಾದರೆ ವೈರಿನ ತುದಿಗೆ ತವರ ಲೇಪದ ಲಗ್ (ಲೋಹದ ಟೋಪಿ) ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ಒತ್ತಿ ಬಿಗಿದು, ವ್ಯಾಸಲೀನ್ ಸವರಿ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯೊಳಗೆ ಇಡಿ. ವೈರಿನ ಪ್ರವೇಶ ಡಬ್ಬಿಯ ಅಡಿಯಿಂದಲೇ ಇರಲಿ, ಮೇಲಿನಿಂದ ಕೊಟ್ಟರೆ ನೀರು ಅದರ ಜೊತೆಗೇ ಇಳಿಯುತ್ತದೆ. ಇಲಿ ಕಡಿಯದಂತೆ ಇಡೀ ವೈರು ಪಿವಿಸಿ ಪೈಪಿನೊಳಗೆ, ದನದ ಕೋಡಿಗೆ ಎಟುಕದ ಎತ್ತರದಲ್ಲಿ ಹೋಗಬೇಕು. ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣಿನೊಳಗೆ 10 ಆಂಪಿಯರ್ ಡಿಸಿ ಫ್ಯೂಸ್ ಕಡ್ಡಾಯ. ಹುಲ್ಲಿರುವ ಕಡೆ ಶಾರ್ಟ್ ಆದರೆ ಬೆಂಕಿಯೇ. ಫ್ಯೂಸ್ ಹಾರಿತೆಂದು ಅದರ ಜಾಗಕ್ಕೆ ತಂತಿ ಎಳೆ ಕಟ್ಟುವವರ ಕೈಗೆ ಈ ಕೆಲಸ ಕೊಡಬೇಡಿ.

5. ಜೋಡಣೆ. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ಬಲ್ಬಿನ ವೈರು. ಕಳಚುವಾಗ ಉಲ್ಟಾ. ಬ್ಯಾಟರಿ ಇಲ್ಲದೆ ಪ್ಯಾನೆಲ್ ಕೊಟ್ಟರೆ ಅದರ 21–22 ವೋಲ್ಟ್ ಕೆಲವು ಕಂಟ್ರೋಲರುಗಳನ್ನು ಸುಟ್ಟುಬಿಡುತ್ತದೆ. ಕಂಟ್ರೋಲರಿನಲ್ಲಿ ಬ್ಯಾಟರಿಯ ಜಾತಿ ಲಿಥಿಯಂ ಎಂದು ಆರಿಸಿದ್ದೀರಾ, ನೋಡಿ; ಅಂಥ ಆಯ್ಕೆಯೇ ಇಲ್ಲದ ಅಗ್ಗದ ಮಾದರಿ ಕೊಳ್ಳಬೇಡಿ.

6. ಪರೀಕ್ಷೆ. ಕತ್ತಲಾದ ಮೇಲೆ ಮೂರೂ ಬಲ್ಬು ಉರಿಸಿ, ಮಲ್ಟಿಮೀಟರಿನಿಂದ ಮೊದಲು ಬ್ಯಾಟರಿಯಲ್ಲಿ, ಆಮೇಲೆ ಕೊನೆಯ ಹೋಲ್ಡರಿನಲ್ಲಿ ವೋಲ್ಟ್ ಅಳೆಯಿರಿ. ವ್ಯತ್ಯಾಸ 0.6ರೊಳಗಿದ್ದರೆ ಸರಿ. ಹೆಚ್ಚಿದ್ದರೆ ಜಾಯಿಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಬೆಚ್ಚಗಿರುವುದನ್ನು ಬಿಚ್ಚಿ ಮತ್ತೆ ಕ್ರಿಂಪ್ ಮಾಡಿ.