ರೋಹುವಿಗೆ ಸೂಜಿ ಹಾಕುವ ಸಂಜೆ

ಸಾಕಿದ ರೋಹು ಮೀನಿಗೆ ಮೊಟ್ಟೆಯಿಡಿಸುವ ಸೂಜಿ ಹಾಕಲು ಜುಲೈ ಮಳೆ ಹಿಡಿದ ಸಂಜೆಯನ್ನೇ ಆರಿಸಿಕೊಳ್ಳಿ. ಹಿಂದಿನ ದಿನದಿಂದಲೇ ತೌಡು, ಹಿಂಡಿ ನಿಲ್ಲಿಸಿ. ಮೇವು ತುಂಬಿದ ಹೊಟ್ಟೆಯನ್ನು ಮೊಟ್ಟೆಯೆಂದು ನಂಬಿ ನಾನೊಮ್ಮೆ ಮೋಸಹೋಗಿದ್ದೇನೆ. ಹೆಣ್ಣಿನ ಹೊಟ್ಟೆ ಮೆತ್ತಗಿರಬೇಕು. ಗಂಡಿನ ಹೊಟ್ಟೆ ಒತ್ತಿದರೆ ಹಾಲಿನಂಥ ದ್ರವ ಬರಬೇಕು. ಅದರ ಎದೆಯ ಈಜುರೆಕ್ಕೆ ಮುಟ್ಟಲು ಒರಟು.

ಮಿದುಳಿನ ಜಿಎನ್‌ಆರ್‌ಎಚ್ ಎಂಬ ಪುಟ್ಟ ಪೆಪ್ಟೈಡ್ (ಪ್ರೋಟೀನಿನ ತುಣುಕಿನಂಥ ಸಂದೇಶವಾಹಕ) ಮಿದುಳಿನ ಅಡಿಯ ಪಿಟ್ಯುಟರಿ ಗ್ರಂಥಿಗೆ ‘ಮೊಟ್ಟೆಯಿಡಿಸುವ ಹಾರ್ಮೋನು ಬಿಡು’ ಎನ್ನುತ್ತದೆ, ಮಿದುಳಿನದೇ ಇನ್ನೊಂದು ರಾಸಾಯನಿಕ ಡೋಪಮಿನ್ ‘ತಡೆ’ ಎನ್ನುತ್ತದೆ. ಈ ಜಗಳದಲ್ಲಿ ಕೊಳದ ರೋಹು ತಾನಾಗಿ ಮೊಟ್ಟೆಯಿಡದು. ಸೂಜಿಮದ್ದಾದ ಓವಾಪ್ರಿಮ್‌ನಲ್ಲಿ ಎರಡಕ್ಕೂ ಮದ್ದಿದೆ: ಪೆಪ್ಟೈಡಿನ ಕೃತಕ ರೂಪ, ಜೊತೆಗೆ ಡೋಪಮಿನ್ನಿನ ಬಾಯಿ ಮುಚ್ಚಿಸುವ ಡೊಂಪೆರಿಡೋನ್.

ಹೆಣ್ಣಿಗೆ ಕಿಲೋಗೆ 0.3–0.4 ಮಿಲಿ, ಗಂಡಿಗೆ 0.1–0.2. ಒದ್ದೆ ಬಟ್ಟೆಯಲ್ಲಿ ಸುತ್ತಿ, ಹುರುಪೆಯ ಅಡಿಯಿಂದ ಬೆನ್ನಿನ ಸ್ನಾಯುವಿಗೆ ಓರೆಯಾಗಿ ಚುಚ್ಚಿ. ಬೆಳಗಿನ ಜಾವ ನೀರು ಕಲಕುವ ಸದ್ದು ಕೇಳಿದರೆ ದೀಪ ಹಾಕಬೇಡಿ.